‘ಮಾಡಿದ್ದು’ ಎಂಬ ಮಾತಿನ ತೂಕ

ನ್ಯಾಯಾಲಯದ ಭಾಷಾಂತರ ಹೆಸರಿಲ್ಲದವರ ಕೆಲಸ. ಸಾಕ್ಷಿಯ ಮಾತು ಸಾಕ್ಷಿಯದು, ತೀರ್ಪು ನ್ಯಾಯಾಧೀಶರದು. ನಡುವೆ ಮಾತನ್ನು ಒಂದು ಭಾಷೆಯಿಂದ ಇನ್ನೊಂದಕ್ಕೆ ದಾಟಿಸಿದವರು ಯಾರೆಂದು ಯಾರೂ ಕೇಳುವುದಿಲ್ಲ. ಅಂಥ ಕೆಲಸದಲ್ಲಿ ಮೂವತ್ತಾರು ವರ್ಷ ಸವೆದು, ಸವೆದಷ್ಟೂ ಹೊಳಪೇರಿ, ಈ ತಿಂಗಳ ಕೊನೆಗೆ ನಿವೃತ್ತರಾಗುತ್ತಿರುವ ನಮ್ಮ ಹಿರಿಯ ಭಾಷಾಂತರಕಾರರನ್ನು ಇಡೀ ಕಚೇರಿ ಕರೆಯುವುದು ಪೆನ್ಸಿಲಕ್ಕ ಎಂದೇ. ಮೊದಲು ಪೆನ್ಸಿಲಿನಲ್ಲಿ ಬರೆದು, ಮೂರು ಸಲ ಓದದೆ ಯಾವ ಸಾಲಿನ ಮೇಲೂ ಪೆನ್ನು ಆಡಿಸದವರು ಅವರು. ಆ ಅಭ್ಯಾಸ ಹುಟ್ಟಿದ್ದು ಒಂದು ತಪ್ಪಿನಿಂದ. ಆ ತಪ್ಪಿನ ಕಥೆಯನ್ನು ಅವರ ಅಪ್ಪಣೆ ಪಡೆದೇ ಇಲ್ಲಿ ಹೇಳಲಾಗುತ್ತಿದೆ.

ಅದು ಅವರು ಕೆಲಸಕ್ಕೆ ಸೇರಿದ ನಾಲ್ಕನೆಯ ವರ್ಷ. ಭಾಷಾಂತರ ವಿಭಾಗ ಆಗ ಮೂರನೆಯ ಮಹಡಿಯ ಮೂಲೆಯ ಕೋಣೆಯಲ್ಲಿತ್ತು. ಮಧ್ಯಾಹ್ನದ ಬಿಸಿಲು ಎತ್ತರದ ಕಿಟಕಿಯಿಂದ ಇಳಿದು ಮೇಜಿನಿಂದ ಮೇಜಿಗೆ ನಿಧಾನವಾಗಿ ಸರಿಯುತ್ತಿತ್ತು. ಪಕ್ಕದ ಕೋಣೆಯ ಟೈಪ್‌ರೈಟರುಗಳ ಸದ್ದು ಯಾರೋ ದೂರದಲ್ಲಿ ಕಾಳು ಸುರಿಯುತ್ತಿರುವಂತೆ ಕೇಳಿಸುತ್ತಿತ್ತು. ಅಂಥ ಹೊತ್ತಿನಲ್ಲಿ ಅಕ್ಷರಗಳು ಕಾಗದ ಬಿಟ್ಟು ಕೂದಲೆಳೆಯಷ್ಟು ಮೇಲೆದ್ದು ತೇಲುತ್ತಿವೆಯೆಂದು ಅಕ್ಕನವರಿಗೆ ಅನ್ನಿಸುತ್ತಿತ್ತಂತೆ. ಹಾಗೆ ಅರೆಗನಸಿನಲ್ಲಿ ತೇಲುತ್ತಿದ್ದ ಒಂದು ಮಧ್ಯಾಹ್ನ, ಗೊಂಬೆ ಮಾಡುವ ಹೆಂಗಸೊಬ್ಬರ ಹೇಳಿಕೆ ಅವರ ಮೇಜಿಗೆ ಬಂತು.

ಆ ಹೆಂಗಸಿನ ಗೊಂಬೆ ಒಂದು ಮರದ ಬಾತುಕೋಳಿ. ಇಳಿಜಾರಿನಲ್ಲಿಟ್ಟರೆ ಕೀಲಿ ಕೊಡದೆ, ಯಾರೂ ತಳ್ಳದೆ, ತೂಗಾಡುತ್ತ ತಾನೇ ನಡೆದು ಕೆಳಗಿಳಿಯುತ್ತಿತ್ತು. ಒಂದು ಕಾರ್ಖಾನೆ ಅದನ್ನು ತನ್ನದೆಂದು ಹೇಳಿಕೊಂಡು, ಈಕೆ ಇನ್ನು ಮುಂದೆ ಅದನ್ನು ಮಾಡಕೂಡದೆಂದು ದಾವೆ ಹೂಡಿತ್ತು. “ಈ ಬಾತುಕೋಳಿ ನಾನು ಮಾಡಿದ್ದು” ಎಂದು ಆಕೆ ಹೇಳಿಕೆ ಕೊಟ್ಟಿದ್ದರು. ಅಕ್ಕನವರು ‘ಮೇಕ್’ ಎಂಬ ಇಂಗ್ಲಿಷ್ ಪದ ಹಾಕಿ, ಸಹಿ ಮಾಡಿ, ಕಳಿಸಿಬಿಟ್ಟರು.

ವಿಚಾರಣೆಯ ದಿನ ಕಾರ್ಖಾನೆಯ ವಕೀಲರು ಆ ಒಂದು ಪದವನ್ನೇ ಹಿಡಿದುಕೊಂಡರು. “ಮೇಕ್ ಅಂದ್ರೆ ತಯಾರಿಸೋದು. ನಮ್ಮ ಕೆಲಸಗಾರರೂ ದಿನಾ ತಯಾರಿಸ್ತಾರೆ. ಇಲ್ಲದ್ದನ್ನ ಹುಟ್ಟಿಸಿದ್ರೆ ಅದು ಕ್ರಿಯೇಟ್. ಹಾಗಂತ ಈಕೆಯೇ ಹೇಳಿಲ್ಲವಲ್ಲ!”

ಸಾಕ್ಷಿಕಟ್ಟೆಯಲ್ಲಿ ನಿಂತಿದ್ದ ಗೊಂಬೆಯಮ್ಮ ಏನೂ ತಿಳಿಯದೆ ಒಬ್ಬೊಬ್ಬರ ಮುಖವನ್ನೇ ನೋಡುತ್ತಿದ್ದರು. ತಪ್ಪು ಎಲ್ಲಾಯಿತೆಂದು ಹಿಂದಿನ ಬೆಂಚಿನಲ್ಲಿದ್ದ ಅಕ್ಕನವರಿಗೆ ಆಗ ಹೊಳೆಯಿತು.

ಊಟದ ಬಿಡುವಿನಲ್ಲಿ ಅವರು ತಮ್ಮ ಮೇಲಧಿಕಾರಿಯ ಎದುರು ನಿಂತರು. “ಸಾರ್, ತಪ್ಪು ನಂದು. ನಮ್ಮ ‘ಮಾಡು’ ಎರಡಕ್ಕೂ ಆಗುತ್ತೆ, ಇಂಗ್ಲಿಷಲ್ಲಿ ಬೇರೆ ಬೇರೆ. ಯಾವ ಅರ್ಥದಲ್ಲಿ ಹೇಳಿದ್ರಿ ಅಂತ ಆಕೆಯನ್ನ ಕೇಳಬೇಕಿತ್ತು. ಕೇಳಲಿಲ್ಲ.”

“ತಪ್ಪು ಅಂತ ಬರೆದುಕೊಟ್ರೆ ನಿನ್ನ ಸರ್ವಿಸ್ ರೆಕಾರ್ಡಿಗೆ ಹತ್ತುತ್ತಮ್ಮ. ಬಡ್ತಿ ಪಟ್ಟಿ ಬರೋ ಹೊತ್ತು. ಸುಮ್ನಿರು.” ಅವರು ಕೆಟ್ಟವರೇನಲ್ಲ, ಒಳ್ಳೆಯದಾಗಲೆಂದೇ ಹೇಳಿದ್ದರು.

ಅಕ್ಕನವರು ಬರೆದುಕೊಟ್ಟರು.

ಆ ಚೀಟಿ ಓದಿದ ನ್ಯಾಯಾಧೀಶರು ಇಂಗ್ಲಿಷ್ ಕಡತವನ್ನು ಬದಿಗಿಟ್ಟು ಗೊಂಬೆಯಮ್ಮನ ಕಡೆ ತಿರುಗಿದರು. “ಏನಮ್ಮ, ನೀವು ಮಾಡೋಕೆ ಮುಂಚೆ ಇಂಥದ್ದು ಎಲ್ಲಾದ್ರೂ ಇತ್ತಾ?”

“ಎಲ್ಲಿತ್ತು ಸ್ವಾಮಿ? ನನ್ನ ಮಗಳು ಮೂರು ವರ್ಷ ಆದ್ರೂ ಹೆಜ್ಜೆ ಇಡ್ತಿರಲಿಲ್ಲ. ಹೀಗೆ ಓಲಾಡಿಕೊಂಡಾದ್ರೂ ಹೋಗಬಹುದು ಅಂತ ಅವಳಿಗೆ ತೋರಿಸೋಕೆ ಕೆತ್ತಿದ್ದು. ಹತ್ತೊಂಬತ್ತು ಮುಗ್ಗರಿಸಿ ಬಿದ್ದುವು. ಇಪ್ಪತ್ತನೇದು ನಡೀತು.”

“ಆಮೇಲೆ ಮಾಡಿದ್ದು?”

“ಆಮೇಲಿನವಕ್ಕೆ ಕೈ ಒಂದಿದ್ರೆ ಸಾಕಿತ್ತು. ಆದ್ರೆ ಆ ಇಪ್ಪತ್ತನೇದು ನಡೆಯೋವರೆಗೂ ಹೇಗಿರುತ್ತೆ ಅಂತ ನನಗೇ ಗೊತ್ತಿರಲಿಲ್ಲ.”

“ಆ ಹತ್ತೊಂಬತ್ತು ಎಲ್ಲಿವೆ?”

“ಮನೇಲಿವೆ. ಒಂದನ್ನೂ ಬಿಸಾಕೋಕೆ ಮಗಳು ಬಿಡಲ್ಲ.”

ಮುಂದಿನ ವಿಚಾರಣೆಗೆ ಅವೂ ಬಂದುವು. ಓರೆಯಾಗಿಟ್ಟ ಹಲಗೆಯ ಮೇಲೆ ಒಂದೊಂದನ್ನೇ ಬಿಟ್ಟರು. ಒಂದು ಮೊದಲ ಹೆಜ್ಜೆಗೇ ಬಿತ್ತು, ಒಂದು ಮೂರನೆಯದಕ್ಕೆ, ಒಂದು ಗಿರ್ರನೆ ತಿರುಗಿ ಬೆನ್ನು ಹಾಕಿ ನಿಂತಿತು. ಗದ್ದಲದ ಆ ಕೋಣೆಯಲ್ಲಿ ಈಗ ಕನಸಿನಲ್ಲೆಂಬಂತೆ ಹಲಗೆಯ ಮೇಲೆ ಮರದ ಪಾದಗಳ ಟಕಟಕ ಒಂದೇ ಸದ್ದು. ಒಂದೊಂದು ಬಾತುಕೋಳಿ ಬಿದ್ದಾಗಲೂ ‘ಮೇಕ್’, ‘ಕ್ರಿಯೇಟ್’ ಎಂಬ ಆ ಎರಡು ಪದಗಳು ಒಂದರಿಂದೊಂದು ಒಂದೊಂದು ಗೇಣು ದೂರ ಸರಿದಂತೆ ಅಕ್ಕನವರಿಗೆ ಕಂಡಿತಂತೆ. ನಿಮ್ಮಲ್ಲಿ ಹೀಗೆ ಬಿದ್ದ ಬಾತುಕೋಳಿಗಳು ಎಷ್ಟಿವೆ ಎಂದು ನ್ಯಾಯಾಧೀಶರು ಕಾರ್ಖಾನೆಯವರನ್ನು ಕೇಳಿದರು. ಅವರಲ್ಲಿ ಒಂದೂ ಇರಲಿಲ್ಲ. ದಾವೆ ವಜಾ ಆಯಿತು.

ಅಕ್ಕನವರಿಗೆ ಮೆಮೋ ಬಂತು. ಬಡ್ತಿ ನಾಲ್ಕು ವರ್ಷ ತಡವಾಯಿತು. “ಬಾಯಿ ಮುಚ್ಕೊಂಡಿದ್ರೆ ಆಗ್ತಿರಲಿಲ್ವೇನೆ?” ಎಂದು ಅವರ ತಾಯಿ ಸಿಡುಕಿದರು.

“ಆಗ್ತಿತ್ತಮ್ಮ. ಆದ್ರೆ ಮುಚ್ಚಿದ ಬಾಯಿ ಆಕೆಯದಾಗ್ತಿತ್ತು.”

ತಾಯಿ ಮಗಳ ತಟ್ಟೆಗೆ ಇನ್ನೊಂದು ಸೌಟು ಅನ್ನ ಹಾಕಿದರು.

ಅಂದಿನಿಂದ, ಅನುಮಾನ ಬಂದ ಪ್ರತಿ ಪದಕ್ಕೂ ಅಕ್ಕನವರು ನ್ಯಾಯಾಧೀಶರ ಅಪ್ಪಣೆ ಪಡೆದು, ಮೂರು ಮಹಡಿ ಇಳಿದು, ವರಾಂಡದಲ್ಲಿ ಕಾದು ಕುಳಿತ ಸಾಕ್ಷಿಯ ಪಕ್ಕ ಕುಳಿತು ಕೇಳಿಯೇ ಬರೆದರು. ಮಂಡಿನೋವು ಬಂದ ಮೇಲೂ ಅದನ್ನು ಬಿಡಲಿಲ್ಲ. ಹೊಸದಾಗಿ ಸೇರಿದ ಹುಡುಗಿಯೊಬ್ಬಳು ಒಂದು ‘ಅಲ್ಲ’ವನ್ನು ಕೈಬಿಟ್ಟು ಅಳುತ್ತ ನಿಂತಾಗ, ಬೈಯದೆ, ಪಕ್ಕದಲ್ಲಿ ಕುಳಿತು ಹನ್ನೊಂದು ಹಾಳೆಗಳನ್ನೂ ಅವಳೊಡನೆ ಮತ್ತೆ ಓದಿದರು. ತಿದ್ದುಪಡಿಯ ಅರ್ಜಿಯಲ್ಲಿ ಅವಳ ಸಹಿಯ ಕೆಳಗೆ ತಮ್ಮದೂ ಒಂದು ಹಾಕಿದರು. ಇಂದು ವಿಭಾಗದ ಮುಖ್ಯಸ್ಥೆಯಾಗಿರುವ ಅವಳು ಆ ಹಾಳೆಗಳ ಪ್ರತಿಯನ್ನು ಈಗಲೂ ಇಟ್ಟುಕೊಂಡಿದ್ದಾಳೆ.

ಮೊನ್ನೆ ಕಿರಿಯರು ಸುತ್ತುವರಿದು, “ಅಕ್ಕ, ಇನ್ನು ಮನೇಲಿ ಕೂತು ಏನು ಮಾಡ್ತೀರಿ?” ಎಂದು ಕೇಳಿದರು.

“ನಿದ್ದೆ ಮಾಡ್ತೀನಿ” ಎಂದರು. ಎಲ್ಲರೂ ನಕ್ಕ ಮೇಲೆ, ಆ ‘ಮಾಡು’ಗೆ ಇಂಗ್ಲಿಷಿನಲ್ಲಿ ಏನು ಹಾಕುತ್ತೀರೆಂದು ಕೇಳಿ ಎಲ್ಲರ ತಲೆ ಕೆಡಿಸಿದರು.

ಬುಧವಾರ ಬುಧವಾರ ಬಂದು ಹೊಸಬರಿಗೆ ಕಲಿಸಲು ಅವರು ಒಪ್ಪಿದ್ದಾರೆ. ಪೆನ್ಸಿಲಕ್ಕನವರ ನಿದ್ದೆ ಸುಖವಾಗಿರಲಿ, ಎಚ್ಚರ ಬಹುಕಾಲ ನಮ್ಮೊಡನಿರಲಿ.