ಯಮನಮ್ಮನ ಫೋಟೋ, ಕೌದಿಯ ಹೊಟ್ಟೆ

“ಯಮನಮ್ಮ ಕರದ್ಲಂದ್ರ ಕೈ ತೊಳಕೊಂಡು ಹೋಗ್ರಿ, ಕೌದಿಗಿ ಉಣಸೋದದ” ಅಂತ ರಾಯಚೂರಿನ ಆ ಓಣಿಯ ಹೆಂಗಸರು ನಗುತ್ತಿದ್ದರು. ಹಳೆ ಸೀರೆಗಳನ್ನು ಒಂದರ ಮೇಲೊಂದು ಹಾಸಿ ಕೌದಿ ಹೊಲಿಯುವಾಗ ಯಮನಮ್ಮ ನಡುವೆ ಅಂಗೈ ಅಗಲ ಜಾಗ ಬಿಡುತ್ತಿದ್ದಳು, ಅದೇ ಕೌದಿಯ ಹೊಟ್ಟೆ. ಕಡೆಗೆ ಅಲ್ಲೊಂದು ರೊಟ್ಟಿ ಚೂರು ಇಟ್ಟು ತೇಪೆ ಮುಚ್ಚಬೇಕು. ಹೊಟ್ಟೆ ಹಸಿದ ಕೌದಿ ಹೊದ್ದರೆ ನಿದ್ದೆ ಹತ್ತದು ಅಂತ ಆಕೆಯ ನಂಬಿಕೆ. ಆದರೆ ರೊಟ್ಟಿ ಇಡುವ ಕೈ ಮಾತ್ರ ಬೇರೆಯವರದಾಗಬೇಕು.

ಮೊದಲು ಆ ಕೈ ಮಹಬೂಬೀಯದು. ಮಾನ್ವಿಯಲ್ಲಿ ಇಬ್ಬರ ಮನೆಗೂ ಒಂದೇ ಗೋಡೆ. ಹೊಟ್ಟೆಯ ತೇಪೆಯನ್ನು ಮೂರು ಮೂಲೆ ಬರುವಂತೆ ಕತ್ತರಿಸಿ ಮಹಬೂಬೀ “ನಮ್ಮ ಸಮೋಸಾ” ಅನ್ನುತ್ತಿದ್ದಳು. ಆಮೇಲೆ ಆಕೆಯ ಮನೆಯವರು ಬಳೆ ವ್ಯಾಪಾರಕ್ಕೆಂದು ಊರು ಬಿಟ್ಟರು, ಯಮನಮ್ಮ ರಾಯಚೂರಿನ ಬಾಡಿಗೆ ಮನೆಗೆ ಬಂದಳು. ಒಬ್ಬರ ಸುದ್ದಿ ಒಬ್ಬರಿಗೆ ತಪ್ಪಿತು.

ಒಂದು ದಿನ ಪಕ್ಕದ ಮನೆಯ ನರ್ಸ್ ನೇತ್ರಾವತಿ ಮೊಬೈಲ್ ಹಿಡಿದು ಓಡಿ ಬಂದಳು. ಕೌದಿ ಹೊಲಿಯುವವರ ಆನ್‌ಲೈನ್ ಬಳಗದಲ್ಲಿ ಮಹಬೂಬೀ ದೇವದುರ್ಗದಿಂದ ಬರೆದಿದ್ದಳು: ‘ಮಾನ್ವಿಯಾಗಿದ್ದ ಯಮನಮ್ಮ ಎಲ್ಲಿದ್ದಿ? ನಾ ಈಗ ಒಬ್ಬಾಕಿನ ಅದೀನಿ. ಜೋಡಿಲೆ ಹೊಲಿಯೋಣ ಬಾ.’ ಕೆಳಗೆ ಆಗಲೇ ಮೂವರು ಯಮನಮ್ಮಂದಿರು ‘ನಾನೇ’ ಅಂದಿದ್ದರು! ಬೇಸತ್ತ ಮಹಬೂಬೀ, ಫೋಟೋ ಇಲ್ಲದ ಯಮನಮ್ಮಂದಿರಿಗೆ ಉತ್ತರ ಕೊಡೋದಿಲ್ಲ ಅಂದುಬಿಟ್ಟಿದ್ದಳು.

“ನಿಂದೊಂದು ಫೋಟೋ ಹಾಕೋಣ, ಕುಂದ್ರು ಯವ್ವಾ.”

“ಕುಂದ್ರೂದಿಲ್ಲ. ಪಾದ ಕಾಣದ ಫೋಟೋ ಹಾರ ಹಾಕಾಕ ತಗೀತಾರ. ನಾ ಇನ್ನಾ ಅದೀನಿ.”

ಮಡಚಿದ ಕೌದಿಯನ್ನು ಹೊಟ್ಟೆಗೆ ಅವಚಿಕೊಂಡು, ಮುಡಿಯಿಂದ ಅಡಿಯವರೆಗೆ ಕಾಣುವಂತೆ ಯಮನಮ್ಮ ನೆಟ್ಟಗೆ ನಿಂತಳು.

ಫೋಟೋ ಏರಲಿಲ್ಲ. ಸೈಜ್ ಹೆಚ್ಚಾಗಿದೆ ಅಂದಿತು ಮೊಬೈಲ್.

“ನಾ ಅಷ್ಟು ದಪ್ಪ ಅದೀನೇನಬೇ?”

“ನೀನಲ್ಲ, ಫೋಟೋ!” ನೇತ್ರಾವತಿ ಅದನ್ನು ವಾಟ್ಸಾಪಿನಲ್ಲಿ ಅಕ್ಕನಿಗೆ ಕಳಿಸಿ ವಾಪಸು ತರಿಸಿಕೊಂಡಳು. ಹಾಗೆ ಹೋಗಿಬಂದರೆ ಫೋಟೋ ಹಗುರಾಗುತ್ತದಂತೆ.

“ಊರಿಗಿ ಹೋಗಿಬಂದ್ರ ನಾನೂ ಸೊರಗ್ತೀನಿ ಬಿಡು.”

ಈ ಸಲ ಏರಿತು. ಆದರೆ ಬಳಗದವರು ಕೊಟ್ಟ ದುಂಡನೆಯ ಕಿಂಡಿಯಲ್ಲಿ ತಲೆಯೂ ಇಲ್ಲ, ಪಾದವೂ ಇಲ್ಲ. ಬರೀ ನಡು, ಎರಡು ಕೈ, ಕೌದಿ, ಅದರ ಮೂರು ಮೂಲೆಯ ತೇಪೆ.

“ಅಯ್ಯ, ನನ್ನ ಮುಖ ಯಾರು ತಿಂದ್ರು?”

ಮುಖ ಕಾಣಲೆಂದು ನೇತ್ರಾವತಿ ಚಿತ್ರವನ್ನು ಕೆಳಗೆಳೆಯಲು ನೋಡಿದಳು. ನೆಟ್ ನಿಂತುಬಿಟ್ಟಿತು. ಯಮನಮ್ಮನ ದನಿ ಸಣ್ಣಗಾಯಿತು.

“ಬಿಡವ್ವಾ. ಹೊಟ್ಟಿ ನೋಡಿ ಯಾರು ಗುರುತು ಹಿಡೀತಾರ? ನಾಕನೇ ಯಮನಮ್ಮ ಆದೆ ನಾ.”

ಚಹಾ ಕುಡಿಯುವಷ್ಟರಲ್ಲಿ ನೆಟ್ ಬಂತು, ಅದರ ಬೆನ್ನಿಗೇ ಉತ್ತರವೂ ಬಂತು. ನೇತ್ರಾವತಿ ಜೋರಾಗಿ ಓದಿದಳು: ‘ಯಾ ಅಲ್ಲಾ, ಅದು ನಮ್ಮ ಸಮೋಸಾ! ಏ ಯಮನೀ, ಇಷ್ಟು ದಿನ ಯಾರ ಕೈಲೆ ಉಣಿಸಿದಿ? ಇಲ್ಲಿ ಮನ್ಯಾಗ ಎರಡು ಖೋಲಿ ಅದಾವ, ಬಂದುಬಿಡು.’

ಯಮನಮ್ಮ ಸೆರಗಿನಿಂದ ಮುಖ ಒರೆಸಿಕೊಂಡಳು. “ಇನ್ನೊಮ್ಮೆ ಓದು” ಅಂದಳು.

ಮನೆ ಖಾಲಿ ಮಾಡಿದ ದಿನ ಓಣಿಯವರೆಲ್ಲ ಬಾಗಿಲಲ್ಲಿ ನಿಂತಿದ್ದರು. ನೇತ್ರಾವತಿ ಮೊಬೈಲ್ ಮುಂದೆ ಹಿಡಿದು, “ಯವ್ವಾ, ಕಿಂಡ್ಯಾಗ ಮುಖ ಸರಿಯಾಗಿ ಕುಂತದ. ಈಗರ ಹಾಕಲೇನು?” ಅಂದಳು.

“ಬ್ಯಾಡ. ಮುಖ ನಾನ ಒಯ್ಯಾಕತ್ತೀನಲ್ಲ!”

ಬೀಗದ ಕೈ ನೇತ್ರಾವತಿಯ ಅಂಗೈಯಲ್ಲಿಟ್ಟು, ಸೆರಗಿನ ತುದಿಗೆ ರೊಟ್ಟಿ ಚೂರು ಗಂಟು ಕಟ್ಟಿಕೊಂಡು, ಹೊಟ್ಟೆ ಮುಚ್ಚದ ಹೊಸ ಕೌದಿಯೊಂದನ್ನು ಕಂಕುಳಲ್ಲಿ ಅವಚಿ, ಯಮನಮ್ಮ ದೇವದುರ್ಗದ ಬಸ್ಸು ಹಿಡಿಯಲು ಹೊಸ್ತಿಲು ಇಳಿದಳು.