ನನ್ನ ಸಾರು, ಅವರ ಈಮಾನು

ನಾನು ಒಳ್ಳೆಯ ಅಡುಗೆಯವನು ಎಂದು ಜೀವನದಲ್ಲಿ ನಾಲ್ಕೇ ದಿನ ನಂಬಿದ್ದೆ. ಆ ನಾಲ್ಕು ದಿನದ ಜಂಬವನ್ನು ನೆನೆದರೆ ಈಗಲೂ ಒಬ್ಬನೇ ಕೂತಲ್ಲಿ ನಾಚಿಕೆಯಾಗುತ್ತದೆ.

ನಾನು ಶಿರಾದ ನಿವೃತ್ತ ಕನ್ನಡ ಮೇಷ್ಟ್ರು. ನಮಾಜು ತಪ್ಪಿಸಿದವನಲ್ಲ. ಆದರೆ ಇತ್ತೀಚೆಗೆ ಅದು ಹಾಜರಿ ಪುಸ್ತಕಕ್ಕೆ ಸಹಿ ಹಾಕಿದಂತಾಗಿಬಿಟ್ಟಿತ್ತು. ಒಳಗೆ ಏನೂ ಅಲುಗುತ್ತಿರಲಿಲ್ಲ. ಬಿಳಿ ಗಡ್ಡ ಬಿಟ್ಟುಕೊಂಡು ಇದನ್ನು ಯಾರ ಹತ್ತಿರ ಹೇಳಿಕೊಳ್ಳುವುದು? ಹೀಗಿರುವಾಗ ನಮ್ಮ ಮಸೀದಿಯಿಂದ ಐದು ಜನರ ಜಮಾತು ಒಂದು ವಾರದ ಮಟ್ಟಿಗೆ ಪಾವಗಡದ ಕಡೆ ಹೊರಟಿತು. ಹಳ್ಳಿಯ ಮಸೀದಿಯಲ್ಲಿ ಮಲಗುವುದು, ಮನೆಮನೆಗೆ ಹೋಗಿ ನಮ್ಮವರನ್ನು ನಮಾಜಿಗೆ ಕರೆಯುವುದು, ಸಂಜೆ ನಾಲ್ಕು ಒಳ್ಳೆಯ ಮಾತಾಡುವುದು, ಇಷ್ಟೇ ಕೆಲಸ. ಕಳೆದುಹೋದ ಈಮಾನು, ಅಂದರೆ ಮನಸ್ಸಿನ ನಂಬಿಕೆ, ಅಲ್ಲೆಲ್ಲಾದರೂ ಸಿಕ್ಕೀತೇನೋ ಎಂದು ನಾನೂ ಹಾಸಿಗೆ ಸುತ್ತಿಕೊಂಡು ಹೊರಟೆ.

ಜಮಾತಿನಲ್ಲಿ ಅಡುಗೆ ಮಾಡಿ ಬಡಿಸುವುದಕ್ಕೆ ಖಿದ್ಮತ್ ಎನ್ನುತ್ತಾರೆ. ಅದು ದೊಡ್ಡ ಪುಣ್ಯದ ಸೇವೆ. ನಾನೇ ಮಾಡುತ್ತೇನೆ ಎಂದು ಕೇಳಿಕೊಂಡವನಿಗೆ ಇಲ್ಲ ಎನ್ನಬಾರದು. ಹಾಗೆಯೇ ಇನ್ನೊಂದು ಪದ್ಧತಿಯುಂಟು: ಮುಂದೆ ಬಂದ ಊಟದಲ್ಲಿ ಕೊಂಕು ತೆಗೆಯಬಾರದು. ಎರಡೂ ಚಿನ್ನದಂಥ ಮಾತುಗಳೇ. ಆದರೆ ನನ್ನಂಥವನ ಕೈಗೆ ಎರಡೂ ಒಟ್ಟಿಗೆ ಸಿಕ್ಕರೆ ಏನಾದೀತು ಎಂದು ಹಿರಿಯರು ಯೋಚಿಸಿದಂತಿಲ್ಲ.

ಮನೆಯಲ್ಲಿ ಕಾಫಿಯನ್ನೂ ಕಾಸದ ನಾನು ಮೊದಲ ದಿನ ಬೇಳೆ ಸಾರು ಮಾಡಿದೆ. ನನಗೆ ಬಿಪಿ ಇರುವುದರಿಂದ ಉಪ್ಪು ಹಾಕುವ ಮುಂಚೆಯೇ ನನ್ನ ಪಾಲನ್ನು ತೆಗೆದಿಟ್ಟುಕೊಂಡೆ. ಮಿಕ್ಕಿದ್ದಕ್ಕೆ ಅಂದಾಜಿನ ಮೇಲೆ ಉಪ್ಪು ಸುರಿದೆ. ನಾಲ್ವರೂ ತಲೆ ಬಗ್ಗಿಸಿಕೊಂಡು ಉಂಡರು. ಯಾರೂ ತುಟಿ ಪಿಟಕ್ಕೆನ್ನಲಿಲ್ಲ, ತಟ್ಟೆಯಲ್ಲಿ ಒಂದಗುಳೂ ಉಳಿಯಲಿಲ್ಲ. ಮೂವತ್ತು ವರ್ಷ ಗದ್ದಲದ ತರಗತಿಗಳನ್ನು ಕಂಡ ನನಗೆ ಆ ಮೌನ ಮೆಚ್ಚುಗೆಯಾಗಿಯೇ ಕಂಡಿತು. ಮಾರನೆಯ ದಿನದ ಖಿದ್ಮತ್ತನ್ನೂ ಕೇಳಿ ಪಡೆದೆ, ಆಮೇಲಿನ ಎರಡು ದಿನದ್ದನ್ನೂ.

ಅಡುಗೆಯೊಂದು ಬಿಟ್ಟರೆ ಆ ವಾರದಲ್ಲಿ ಬೇರೆ ಸುಖವಿರಲಿಲ್ಲ. ನಾವು ಉಳಿದಿದ್ದ ರಾಯಚರ್ಲು ಕಡೆಯ ಬಿಸಿಲು, ಚಪ್ಪಲಿ ಕಚ್ಚಿದ ಕಾಲು, ತಟ್ಟಿದ ಬಾಗಿಲುಗಳಲ್ಲಿ ಅರ್ಧಕ್ಕೆ ಬೀಗ. ಗಂಡಸರೆಲ್ಲ ಸೋಲಾರ್ ಪಾರ್ಕಿನ ಕೆಲಸಕ್ಕೆ ಹೋಗಿರುತ್ತಿದ್ದರು. ಸಿಕ್ಕ ಒಬ್ಬರು ನೇರವಾಗಿಯೇ ಅಂದರು: "ನಿಮ್ಗೆ ಪಿಂಚಣಿ ಬತ್ತದೆ ಮೇಷ್ಟ್ರೇ, ಐದೊತ್ತೂ ನಮಾಜ್ ಮಾಡ್ತೀರಿ. ನಾವು ಕೂಲಿ ಬುಟ್ರೆ ಒಲೆ ಹತ್ತಲ್ಲ." ನನ್ನೊಳಗೇ ಇಲ್ಲದ್ದನ್ನು ಊರಿಗೆ ಹಂಚಲು ಹೊರಟಿದ್ದೇನಲ್ಲ ಎಂದು ನಿಜಕ್ಕೂ ಬೇಸರವಾಯಿತು. ನಾಲ್ಕನೆಯ ದಿನ ಮಧ್ಯಾಹ್ನ ನಿರ್ಧರಿಸಿಬಿಟ್ಟೆ: ನಾಳೆ ಬೆಳಗಿನ ಬಸ್ಸಿಗೆ ಶಿರಾ. ಯಾರಿಗೂ ಹೇಳದೆ ಹಾಸಿಗೆ ಮಡಚಿಟ್ಟೆ.

ಹೋಗುವ ಮುಂಚೆ ಎದುರು ಮನೆಯ ನರಸಮ್ಮನವರಿಂದ ಎರವಲು ತಂದಿದ್ದ ಸೌಟನ್ನು ಹಿಂತಿರುಗಿಸಬೇಕಿತ್ತು. ಬರಿಗೈಲಿ ಹೋಗುವುದು ಬೇಡವೆಂದು ಒಂದು ಬಟ್ಟಲು ಸಾರನ್ನೂ ಒಯ್ದೆ. ಹೊಗಳಿಸಿಕೊಳ್ಳುವ ಆಸೆಯೂ ಇತ್ತೆನ್ನಿ. ಆಯಮ್ಮ ಬೆರಳದ್ದಿ ನಾಲಿಗೆಗಿಟ್ಟವರೇ ಥೂ ಎಂದು ಅಂಗಳಕ್ಕೆ ಉಗಿದರು.

"ಅಯ್ಯೋ ನಾಯನಾ, ಸಮುದ್ರಾನೇ ಬಗ್ಗಿಸ್ಬುಟ್ಟಿದ್ದೀಯಲ್ಲಯ್ಯ! ಅದ್ಕೇನಾ ನಿಮ್ಮೋರು ದಿನಾ ಉಂಡ್ಕಂಡು ಸೀದಾ ನನ್ ಮನೆ ಮಜ್ಜಿಗೆಗೆ ಬರೋದು? ಒಬ್ಬೊಬ್ರೂ ಎರಡೆರಡು ಚೆಂಬು ಕುಡೀತಾರೆ. ಕೇಳುದ್ರೆ ಬಿಸ್ಲು ಕಣಮ್ಮ ಅಂತಾರೆ."

ಉಪ್ಪು ತಿಂದವನು ನೀರು ಕುಡಿಯಲೇಬೇಕು ಎಂಬ ಗಾದೆಯನ್ನು ಎಷ್ಟು ತರಗತಿಗಳಿಗೆ ವಿವರಿಸಿದ್ದೇನೋ ಲೆಕ್ಕವಿಲ್ಲ. ಉಪ್ಪು ತಿನ್ನಿಸಿದವನು ಏನು ಮಾಡಬೇಕೆಂದು ಗಾದೆ ಹೇಳುವುದಿಲ್ಲ.

ಮಸೀದಿಗೆ ಬಂದು ನಮ್ಮ ತಂಡದ ಮುಖ್ಯಸ್ಥ ರಹಮತ್ ಭಾಯಿಯನ್ನು ತರಾಟೆಗೆ ತೆಗೆದುಕೊಂಡೆ. ಅವನಿಗೆ ಶಿರಾದಲ್ಲಿ ಪಂಕ್ಚರ್ ಅಂಗಡಿ. ಓದಿಲ್ಲದವನು ಎಂದು ಒಳಗೊಳಗೇ ಅವನನ್ನು ಕಡೆಗಣಿಸಿದ್ದವನು ನಾನು. "ಬಾಯಿ ಬಿಟ್ಟು ಹೇಳೋಕೆ ನಿಮಗೇನಾಗಿತ್ತಪ್ಪ?" ಎಂದೆ.

ಅವನು ನೆಲ ನೋಡುತ್ತಾ ಹೇಳಿದ: "ಬಂದ ದಿನದಿಂದ ನಿಮ್ ಮುಖ ಬಾಡೋಗಿತ್ತು ಮಾಸ್ಟರ್ ಸಾಬ್. ಸೌಟು ಹಿಡ್ಕಂಡಾಗ ಮಾತ್ರ ನಗ್ತಿದ್ರಿ. ಅದೂ ಬೇಡ ಅಂದ್ರೆ ನೀವು ಊರಿಗೆ ಹೊಂಟ್ಬುಡ್ತೀರ ಅಂತ ನಾವೇ ಮಾತಾಡ್ಕಂಡ್ವಿ. ನೀವು ಇದ್ರೆ ಸಾಕಿತ್ತು."

ನನಗೆ ಅಳು ಬಂತು. ಒಲೆಯ ಹೊಗೆ ಎಂದು ಹೇಳೋಣವೆಂದರೆ ಒಲೆ ಆರಿ ಗಂಟೆಯಾಗಿತ್ತು. ಮಡಚಿಟ್ಟ ಹಾಸಿಗೆಯನ್ನು ಅವರ ಎದುರಿಗೇ ಬಿಚ್ಚಿ ಹಾಸಿದೆ.

ಆ ಸಂಜೆ ಸಹನೆಯ ಬಗ್ಗೆ ಮಾತಾಡುವ ಸರದಿ ನನ್ನದು. ಎರಡು ಪುಟ ಬರೆದಿಟ್ಟುಕೊಂಡಿದ್ದೆ. ಎದ್ದು ನಿಂತವನು ಚೀಟಿಯನ್ನು ಜೇಬಿನಿಂದ ತೆಗೆಯಲಿಲ್ಲ. ನಾಲ್ಕು ದಿನ ನಾನು ಏನು ಬಡಿಸಿದೆ, ಇವರು ಹೇಗೆ ಉಂಡರು ಎಂದಷ್ಟೇ ಹೇಳಿ ಕೂತೆ. ಕೂಲಿ ಮುಗಿಸಿ ಬಂದಿದ್ದ ಏಳೆಂಟು ಜನ ಗೊಳ್ಳೆಂದು ನಕ್ಕರು. ನಾನೂ ನಕ್ಕೆ.

ಆಮೇಲೆ ನಮಾಜಿಗೆ ಆ ನಾಲ್ವರ ನಡುವೆ ಭುಜಕ್ಕೆ ಭುಜ ತಾಗಿಸಿ ನಿಂತೆ. ಕೊನೆಯಲ್ಲಿ ಕೈಯೆತ್ತಿದಾಗ ದೊಡ್ಡದೇನನ್ನೂ ಕೇಳಲು ತೋಚಲಿಲ್ಲ. ಇವರ ಹೊಟ್ಟೆಯನ್ನು ತಣ್ಣಗಿಡಪ್ಪಾ ಎಂದೆ. ಎಷ್ಟೋ ವರ್ಷಗಳ ಮೇಲೆ ನಾನು ಮನಸಾರೆ ಬೇಡಿದ್ದು ಅದೊಂದೇ.