ಎರಡನೇ ಸಲದ ಲೋಳೆ

ಮೊನ್ನೆ ಬೆಂಡೆಕಾಯಿ ಹೆಚ್ಚುತ್ತಿದ್ದೆ. ಬೆರಳಿಗೆ ಅಂಟಿದ ಲೋಳೆ ಎಷ್ಟು ತೊಳೆದರೂ ಬಿಡಲಿಲ್ಲ. ಕೈ ಮೂಗಿನ ಹತ್ತಿರ ತಂದೆ. ಹಸಿ ಹಸಿ ವಾಸನೆ... ಅದರ ಬೆನ್ನಿಗೇ ಕುದಿಯುವ ಕಬ್ಬಿನ ಹಾಲು, ಕಣ್ಣುರಿಸುವ ಹೊಗೆ, ಗಾಣದ ಕಾಕಾ.

ಕಾಕಾ ನಮಗೆ ಬಂಧುವಲ್ಲ. ಏಕಸಂಬಿ ಕಡೆಯ ನಮ್ಮ ಊರಲ್ಲಿ ಹಂಗಾಮು ಬಂದರೆ ನಾಲ್ಕಾರು ಗಾಣ ಹೂಡುತ್ತಿದ್ದರು, ಬೆಲ್ಲ ಇಳಿಸಲು ಎಲ್ಲರಿಗೂ ಅವರೇ ಬೇಕಾಗುತ್ತಿತ್ತು. ಬಣ್ಣಕ್ಕೆಂದು ಯಾವ ರಾಸಾಯನಿಕ ಪುಡಿಯನ್ನೂ ಹಾಕದೆ ಬಂಗಾರದ ಬಣ್ಣದ ಬೆಲ್ಲ ಇಳಿಸುವ ಕೈ ಅದು. ಬೆಂಡೆಗಿಡ ಜಜ್ಜಿ, ಲೋಳೆ ತೆಗೆದು ಕುದಿಯುವ ಹಾಲಿಗೆ ಹಾಕಿದರೆ ಮಡ್ಡಿಯೆಲ್ಲ ಮೇಲೆ ಬರುತ್ತದೆ. ಅದು ಎಲ್ಲರಿಗೂ ಗೊತ್ತು. ಕಾಕಾ ಮಾತ್ರ ಅರ್ಧ ಲೋಳೆ ಉಳಿಸಿಕೊಂಡು, ನೊರೆ ನೋಡಿ, ಎರಡನೇ ಸಲ ಹಾಕುತ್ತಿದ್ದರು. ಗಾಣಕ್ಕೆ ಬಂದವರು ಬರಿಗೈಲಿ ಹೋಗಬಾರದು ಎಂಬುದು ನಮ್ಮ ಕಡೆಯ ರೀತಿ. ಹಾಲು ಕುಡಿಯಬೇಕು, ಬಿಸಿ ಬೆಲ್ಲ ತಿನ್ನಬೇಕು. ಕಾಕಾ ಇದ್ದ ಗಾಣದಲ್ಲಿ, ಕೇಳಿದವರಿಗೆ ಕೆಲಸವನ್ನೂ ತೋರಿಸಿ ಕಳಿಸುತ್ತಿದ್ದರು.

ನಾನು ಓದಿ ಮುಂಬೈಯ ಆಹಾರ ಕಂಪನಿಯೊಂದರಲ್ಲಿ ಪೇಟೆಂಟ್ ವಕೀಲೆಯಾದೆ. ತೊಂಬತ್ತರ ದಶಕದ ಮೊದಲ ವರ್ಷಗಳವು. ಬಿಸ್ಕತ್ತೋ ಜಾಮೋ ಮಾಡುವ ಹೊಸ ರೀತಿ ಸಿಕ್ಕರೆ, ಅದು ಕಂಪನಿಯದೇ, ಬೇರೆಯವರು ಹಾಗೆ ಮಾಡಕೂಡದು ಎಂದು ಸರಕಾರದಿಂದ ಹಕ್ಕು ಬರೆಸಿಕೊಳ್ಳುವುದು ನನ್ನ ಕೆಲಸ. ಊರವರಿಗೆ ಇದನ್ನು ತಿಳಿಸಿ ಹೇಳಲು ಕೊನೆಗೂ ಆಗಲಿಲ್ಲ. 'ಅಡಗಿಗೂ ವಕೀಲರು ಬೇಕೇನವಾ?' ಎಂದು ನಗುತ್ತಿದ್ದರು.

ಕಂಪನಿಗೆ ಪುಡಿ ಹಾಕದ ಚೆಂದದ ಬೆಲ್ಲ ಬೇಕಾಗಿತ್ತು. ನೌಕರಿ ಇನ್ನೂ ಕಾಯಂ ಆಗಿರಲಿಲ್ಲ, ಹೆಸರು ಗಳಿಸುವ ಅವಸರ ನನಗೆ. ನಮ್ಮೂರ ಕಾಕಾನ ಬಗ್ಗೆ ಕೊಚ್ಚಿಕೊಂಡೆ. ವಿಜ್ಞಾನಿಯೊಬ್ಬರನ್ನು ಕರೆದುಕೊಂಡು ಗಾಣಕ್ಕೆ ಬಂದೆ. ಕಾಕಾ ಮೂರು ದಿನ ಎಲ್ಲವನ್ನೂ ತೋರಿಸಿದರು, ಸಂಭ್ರಮದಿಂದಲೇ. ನಾನು ವಹಿಯಲ್ಲಿ ಬರೆದುಕೊಂಡೆ.

"ಕಾಕಾ, ಇದನ್ನ ಮದಲ ಯಾರಿಗರೆ ತೋರ್ಸೀರೇನ್ರಿ?"

"ಕೇಳಿದವ್ರಿಗೆಲ್ಲಾ ತೋರ್ಸೇನಿ. ಯಾಕ್ ತಂಗಿ?"

ಮೊದಲೇ ನಾಲ್ಕು ಜನಕ್ಕೆ ಗೊತ್ತಿದ್ದದ್ದಕ್ಕೆ ಪೇಟೆಂಟ್ ಸಿಗುವುದಿಲ್ಲ. ಅಲ್ಲೇ ಕೂತು ಕಾಕಾನ ಹೆಸರಲ್ಲಿ, ಕನ್ನಡದಲ್ಲಿ, ಒಂದು ಕಾಗದ ಬರೆದೆ: ಈ ರೀತಿಯನ್ನು ನಾನು ಯಾರಿಗೂ ತೋರಿಸಿಲ್ಲ, ತೋರಿಸುವುದಿಲ್ಲ. ಅಂಥ ಕಾಗದವನ್ನು ಕಾಯ್ದೆ ಕೇಳಿರಲಿಲ್ಲ. ಕೇಳಿದವಳು ನಾನು.

ಕಾಕಾ ಅದನ್ನು ಎರಡು ಸಲ ಓದಿದರು. "ಇದು ಸುಳ್ಳ ಆಗ್ತೈತಲ್ಲವಾ."

"ಬರೇ ಫೈಲಿಗಿರಿ ಕಾಕಾ. ನನ್ನ ನೌಕರಿ ಇದರ ಮ್ಯಾಲ ಐತಿ."

ಅವರು ಸಹಿ ಮಾಡಿಕೊಟ್ಟರು.

ಅರ್ಜಿ ಹೋಯಿತು, ವಿಜ್ಞಾನಿಯ ಹೆಸರಿನಲ್ಲಿ. ನನ್ನ ನೌಕರಿ ಕಾಯಂ ಆಯಿತು. ಆದರೆ ಮುಂಬೈಯ ಪ್ರಯೋಗಶಾಲೆಯಲ್ಲಿ ಆ ಬೆಲ್ಲ ಕಾಕಾ ಇಳಿಸಿದ ಹಾಗೆ ಒಮ್ಮೆಯೂ ಬರಲಿಲ್ಲ. ಎರಡು ವರ್ಷ ನೋಡಿ ಕಂಪನಿ ಅರ್ಜಿಯನ್ನು ಕೈಬಿಟ್ಟಿತು. ಆ ಫೈಲು ಕಟ್ಟಿಟ್ಟು ಇನ್ನೊಂದು ಬಿಚ್ಚಿದೆ. ಕಾಕಾನಿಗೆ ಒಂದು ಕಾರ್ಡು ಬರೆಯಬೇಕು ಎಂದು ನನಗೆ ಹೊಳೆಯಲೇ ಇಲ್ಲ.

ಮುಂದೆ ಐದಾರು ವರ್ಷಕ್ಕೆ, ಬಂಧುಗಳ ಮದುವೆಗೆಂದು ಊರಿಗೆ ಹೋದಾಗ, ಕಾಕಾ ಹಾಸಿಗೆ ಹಿಡಿದಿದ್ದರು. ಅವರ ಹೆಂಡತಿ, ನಮ್ಮೆಲ್ಲರ ಕಾಕು, ಚಹಾ ಕೊಡುತ್ತ ಹೇಳಿದರು. ಸಹಿ ಮಾಡಿದ ಮರುದಿನವೇ ಕಾಕಾ ಕೊಪ್ಪರಿಗೆಯ ಸುತ್ತ ಗೋಣಿ ತಟ್ಟಿನ ಪಡದೆ ಕಟ್ಟಿದರಂತೆ. ಕೇಳಲು ಬಂದವರನ್ನು ಹೊರಗೇ ನಿಲ್ಲಿಸಿದರಂತೆ.

"ಹಿಂದಿಂದು ಸುಳ್ಳ ಬರಕೊಟ್ಟೇನಿ, ಮುಂದಿಂದರೆ ಖರೇ ಆಗ್ಲಿ ಅಂತಿದ್ರು. ಗಾಣದಾಗ ಪಡದೆ ಕಟ್ಟಾಂವ ನಮಗ ಬ್ಯಾಡ ಅಂದ್ರು ಮಂದಿ. ಒಬ್ಬೊಬ್ರ ಕರಿಯೂದ ಬಿಟ್ರು."

ಕಾಕುವಿನ ದನಿಯಲ್ಲಿ ಸಿಟ್ಟಿರಲಿಲ್ಲ. ಬೈದಿದ್ದರೆ ನನಗೆ ಚೂರು ಹಗುರಾಗುತ್ತಿತ್ತು. ನನ್ನ ಸುಳ್ಳನ್ನು ಖರೆ ಮಾಡಲು ಆ ಮನುಷ್ಯ ಗಾಣದ ಕೆಲಸವನ್ನೇ ಕಳೆದುಕೊಂಡಿದ್ದರು, ನಾನು ಮುಂಬೈಯಲ್ಲಿ ಬಡ್ತಿ ಎಣಿಸುತ್ತಿದ್ದೆ.

ಒಳಗೆ ಹೋದೆ. ಕಾಕಾ ಕೈ ಹಿಡಿದುಕೊಂಡರು.

"ತಂಗಿ, ಈಗರೆ ತೋರ್ಸಬೌದೇನವಾ?"

"ಹೂಂನ್ರಿ ಕಾಕಾ..." ಎಂದೆ. ಕಂಪನಿ ಅರ್ಜಿ ಕೈಬಿಟ್ಟಾಗಿನಿಂದಲೇ ತೋರಿಸಬಹುದಿತ್ತು ಎಂಬುದನ್ನು ಮುಚ್ಚಿಟ್ಟೆ. ಅವರ ಮುಖ ಅರಳಿತು, ಬಾಗಿಲ ಕಡೆ ನೋಡಿದರು. ಅಲ್ಲಿ ಯಾರೂ ಇರಲಿಲ್ಲ. ಅಷ್ಟರಲ್ಲಿ ಊರ ಕಬ್ಬೆಲ್ಲ ಸಕ್ಕರೆ ಕಾರ್ಖಾನೆಗೆ ಹೋಗುತ್ತಿತ್ತು, ಗಾಣಗಳು ಒಂದೊಂದಾಗಿ ನಿಂತಿದ್ದವು. ಕೇಳುವವರೇ ಉಳಿದಿರಲಿಲ್ಲ. ಮುಂದಿನ ಹಂಗಾಮಿಗೆ ಕಾಕಾನೂ ಇರಲಿಲ್ಲ.

ಆಮೇಲೆ ನೂರಾರು ಅರ್ಜಿ ಬರೆದು ನಿವೃತ್ತಳಾದೆ. ಬೀಳ್ಕೊಡುವಾಗ ಶಾಲು ಹೊದಿಸಿದರು. ಅವತ್ತೂ ಆ ಕಾಗದವೇ ನೆನಪಾಯಿತು.

ಕಾಕಾ ಇದ್ದಿದ್ದರೆ ಕೇಳಿದವರಿಗೆ ಹೇಳುತ್ತಿದ್ದರು. ಅವರ ಬದಲು ನಾನು ಇಲ್ಲಿ ಹೇಳಿಬಿಡುತ್ತೇನೆ, ಯಾರಾದರೂ ಮಾಡಿಕೊಳ್ಳಲಿ. ಬೆಂಡೆಗಿಡವನ್ನು ನೆರಳಲ್ಲಿ ಬಾಡಿಸಬೇಕು. ಜಜ್ಜಿ ನೀರಲ್ಲಿ ತೊಳಸಿ, ಅರ್ಧ ಲೋಳೆಯನ್ನು ಮೊದಲ ಕುದಿಗೆ ಹಾಕಬೇಕು. ಉಳಿದರ್ಧ, ನೊರೆ ಬಣ್ಣ ತಿರುಗಿದಾಗ. ಯಾವ ಬಣ್ಣಕ್ಕೆ ತಿರುಗಿದಾಗ...

ಕಾಕಾ ನನ್ನ ಭುಜ ತಟ್ಟಿ, "ಇಗಾ, ಈಗ ನೋಡು" ಎಂದು ತೋರಿಸಿದ್ದರು. ನಾನು ತಲೆ ತಗ್ಗಿಸಿ ಬರೆದುಕೊಳ್ಳುತ್ತಿದ್ದೆ.